ಎಳೆ ಮಗುವಿಗೆ ಬೇಬಿ ಮಾನಿಟರ್: ಯಾವುದು ಬೇಕು, ಯಾವುದು ಬೇಡ?

ಬೇಬಿ ಮಾನಿಟರ್ ಅಂದರೆ ಬೇರೆ ಕೋಣೆಯಲ್ಲಿರುವ ಮಗುವಿನ ಸದ್ದು ಅಥವಾ ಚಿತ್ರವನ್ನು ನಿಮಗೆ ತಲುಪಿಸುವ ಸಾಧನ. ಈ ವಾರ ಅದರ ಬಗ್ಗೆ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವುದು ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ ಮಕ್ಕಳ ಡಾಕ್ಟರ್.

ಪ್ರಶ್ನೆ (ಮೈಸೂರು, ಚೊಚ್ಚಲ ಬಸುರಿ): ಡಾಕ್ಟ್ರೇ, ನನಗೀಗ ಎಂಟು ತಿಂಗಳು. ಬಾಣಂತನಕ್ಕೆ ಅಮ್ಮನ ಮನೆಗೆ ಹೋಗುತ್ತೇನೆ. ಅಲ್ಲಿ ನನ್ನ ಕೋಣೆ ಮೇಲಿನ ಮಹಡಿಯಲ್ಲಿದೆ. ಅಡುಗೆಮನೆ, ಬಚ್ಚಲು ಎರಡೂ ಕೆಳಗೆ. ಒಂದು ಬೇಬಿ ಮಾನಿಟರ್ ತಗೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ಬರೀ ಧ್ವನಿಯದು, ವಿಡಿಯೋದ್ದು, ವೈಫೈ ಕ್ಯಾಮೆರಾ, ಆಮ್ಲಜನಕ ಅಳೆಯಲು ಕಾಲಿಗೆ ಹಾಕುವ ಸಾಕ್ಸ್, ಉಸಿರಾಟದ ಅಲುಗಾಟ ಗಮನಿಸಲು ಹಾಸಿಗೆ ಕೆಳಗಿಡುವ ಪ್ಯಾಡ್... ನೋಡಿ ನೋಡಿ ತಲೆ ಕೆಟ್ಟಿತು. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಇದನ್ನು ಹೇಳಿ. ರಾತ್ರಿ ನೀವು ಮಗುವಿನಿಂದ ಎಷ್ಟು ದೂರ ಮಲಗುತ್ತೀರಿ? ಅದೇ ಕೋಣೆಯಲ್ಲಿ, ಕೈಗೆ ಸಿಗುವಷ್ಟು ಹತ್ತಿರ ಅಂತಾದರೆ ರಾತ್ರಿಗೆ ಮಾನಿಟರ್ ಬೇಡವೇ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಕೊಟ್ಟ ಸಲಹೆಯೂ ಇದೇ. ಕನಿಷ್ಠ ಮೊದಲ ಆರು ತಿಂಗಳು ಮಗು ಅಪ್ಪ ಅಮ್ಮನ ಕೋಣೆಯಲ್ಲೇ ಮಲಗಬೇಕು, ಆದರೆ ಅದರದೇ ಬೇರೆ ಹಾಸಿಗೆಯಲ್ಲಿ. ನಮ್ಮ ಬಾಣಂತಿ ಕೋಣೆಯಲ್ಲಿ ತೊಟ್ಟಿಲು ಹೇಗೂ ಇರುತ್ತದೆ, ಪಕ್ಕದಲ್ಲಿ ಅಜ್ಜಿಯೂ ಇರುತ್ತಾರೆ.

ಅಂದ ಹಾಗೆ, ಮೊದಲ ಬೇಬಿ ಮಾನಿಟರ್ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ಅಮೆರಿಕದ ಝೆನಿತ್ ಕಂಪನಿಯ ‘ರೇಡಿಯೋ ನರ್ಸ್’ ಅಂತ. 1932ರಲ್ಲಿ ವಿಮಾನಯಾನಿ ಲಿಂಡ್‌ಬರ್ಗ್ ಅವರ ಮಗುವನ್ನು ಮನೆಯ ಮೇಲಿನ ಕೋಣೆಯಿಂದಲೇ ಕದ್ದೊಯ್ದಿದ್ದರು. ಆ ಹೆದರಿಕೆ ಇನ್ನೂ ಜನರ ಮನಸ್ಸಿನಲ್ಲಿತ್ತು. ಈ ವಸ್ತುವನ್ನು ಇಂದಿಗೂ ಹೆದರಿಸಿಯೇ ಮಾರುತ್ತಾರೆ. ಜಾಹೀರಾತು ಓದುವಾಗ ಇದು ನೆನಪಿರಲಿ.

ನಿಮಗೆ ಉಳಿಯುವುದು ಹಗಲು ಹೊತ್ತು. ಮಗು ಮೇಲೆ ಮಲಗಿದೆ, ನೀವು ಸ್ನಾನಕ್ಕೋ ಊಟಕ್ಕೋ ಕೆಳಗೆ ಬಂದಿದ್ದೀರಿ. ಇದಕ್ಕೆ ಧ್ವನಿ ಮಾನಿಟರ್ ಸಾಕು. ಎರಡು ಡಬ್ಬಿ ಇರುತ್ತವೆ. ಒಂದು ಮಗುವಿನ ಕೋಣೆಗೆ, ಇನ್ನೊಂದು ನಿಮ್ಮ ಕೈಗೆ. ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಎಳೆ ಮಗು ಮಗ್ಗುಲಾಗುವುದಿಲ್ಲ, ಎದ್ದು ಕೂರುವುದಿಲ್ಲ. ಹಸಿದರೆ ಅಳುತ್ತದೆ, ಅಷ್ಟೇ. ಅದನ್ನು ತಿಳಿಯಲು ಚಿತ್ರ ಬೇಕಾಗಿಲ್ಲ, ಅಲ್ವಾ?

ಕೊಳ್ಳುವಾಗ ನಾನು ಮೊದಲು ನೋಡುವುದು ಒಂದೇ. ಸಂಪರ್ಕ ತಪ್ಪಿದರೆ, ಬ್ಯಾಟರಿ ಇಳಿದರೆ ನಿಮ್ಮ ಕೈಲಿರುವ ಡಬ್ಬಿ ಕೂಗಬೇಕು. ಇದಿಲ್ಲದಿದ್ದರೆ ಆ ಮಾನಿಟರ್ ಬಿಟ್ಟುಬಿಡಿ. ಡಬ್ಬಿ ಸುಮ್ಮನಿದೆ ಎಂದರೆ ಮಗು ಮಲಗಿದೆ ಅಂತ ನೀವು ನಂಬುತ್ತೀರಿ. ಸುಮ್ಮನಿರುವುದು ಮಗುವೋ ಯಂತ್ರವೋ ಅಂತ ಗೊತ್ತಾಗದಿದ್ದರೆ ಅದಿದ್ದೂ ಪ್ರಯೋಜನ ಇಲ್ಲ. ಎರಡನೆಯದು, ನಿಮ್ಮ ಕಡೆಯ ಡಬ್ಬಿ ಬ್ಯಾಟರಿಯಲ್ಲೂ ನಡೆಯಬೇಕು. ಕರೆಂಟ್ ಹೋಗುವ ಹೊತ್ತು ನಮ್ಮ ಕೈಲಿಲ್ಲ. ಇನ್ನು ಪೆಟ್ಟಿಗೆ ಮೇಲೆ ಬರೆದಿರುವ 300 ಮೀಟರ್ ಬಯಲಿನ ಲೆಕ್ಕ. ನಡುವೆ ಒಂದು ಆರ್‌ಸಿಸಿ ಸ್ಲ್ಯಾಬ್, ಎರಡು ಇಟ್ಟಿಗೆ ಗೋಡೆ ಬಂದರೆ ತುಂಬಾ ಕಡಿಮೆಯಾಗುತ್ತದೆ. ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ, ಹೆರಿಗೆಗೆ ಮುಂಚೆಯೇ, ಅಮ್ಮನ ಮನೆಯಲ್ಲಿ ಬಚ್ಚಲಿನ ತನಕ ಹಿಡಿದು ನಡೆದು ನೋಡಿ.

ಕೆಲವು ಮಾನಿಟರ್‌ಗಳು ಲಾಲಿ ಹಾಡುತ್ತವೆ, ಮಳೆಯ ಸದ್ದು ಮಾಡುತ್ತವೆ. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಮಗುವನ್ನು ಮಲಗಿಸುವ ಇಂಥ 14 ಸದ್ದಿನ ಯಂತ್ರಗಳನ್ನು 2014ರಲ್ಲಿ ಒಂದು ಅಧ್ಯಯನದಲ್ಲಿ ಪರೀಕ್ಷಿಸಿದರು. ಪೂರ್ತಿ ಜೋರಾಗಿ ಇಟ್ಟಾಗ, ಒಂದು ಮೀಟರ್ ದೂರದಲ್ಲೂ ಎಲ್ಲವೂ 50 ಡೆಸಿಬೆಲ್ ದಾಟಿದವು. ಆಸ್ಪತ್ರೆಯ ಶಿಶು ಕೋಣೆಗಳಿಗೆ ಹೇಳಿರುವ ಮಿತಿ ಅದು. ಲಾಲಿ ಅಜ್ಜಿಯೇ ಹಾಡಲಿ ಬಿಡಿ.

ಪ್ರಶ್ನೆ (ಬೆಂಗಳೂರು, 12 ದಿನದ ಮಗುವಿನ ತಂದೆ): ಸರ್, ನಮ್ಮ ಮಗಳು ನಿದ್ದೆಯಲ್ಲಿ ಉಸಿರು ನಿಲ್ಲಿಸುತ್ತಾಳೆ. ಕೆಲವು ಸೆಕೆಂಡ್ ಆದ ಮೇಲೆ ಬೇಗ ಬೇಗ ಉಸಿರಾಡುತ್ತಾಳೆ. ನಾನೂ ನನ್ನ ಹೆಂಡತಿಯೂ ಪಾಳಿ ಹಾಕಿಕೊಂಡು ಎದ್ದಿರುತ್ತೇವೆ. ಆಮ್ಲಜನಕ ಅಳೆಯುವ ಸಾಕ್ಸ್ ತರಿಸಿದರೆ ನಿಶ್ಚಿಂತೆಯಿಂದ ಮಲಗಬಹುದಾ?

ಉತ್ತರ: ನೀವು ಹೇಳುತ್ತಿರುವುದು ಹೆಚ್ಚಿನ ಎಳೆ ಮಕ್ಕಳಲ್ಲಿ ಇರುವಂಥದ್ದೇ. ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. 5ರಿಂದ 10 ಸೆಕೆಂಡ್ ನಿಲ್ಲಿಸಿ, ಆಮೇಲೆ ನಾಲ್ಕಾರು ಉಸಿರನ್ನು ಬೇಗ ಎಳೆದುಕೊಂಡು, ಮತ್ತೆ ಸರಿಹೋಗುತ್ತಾರೆ. ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ.

ಆದರೆ ಇವನ್ನು ಗೊತ್ತುಮಾಡಿಕೊಂಡಿರಿ. ಉಸಿರು 20 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ನಿಂತರೆ, ಅಥವಾ ಕಡಿಮೆ ಹೊತ್ತು ನಿಂತರೂ ತುಟಿ ನೀಲಿಯಾದರೆ, ಮೈ ಸಡಿಲಾಗಿ ಜೋತುಬಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ. ಮಗು ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಹಾಗೇ ಇದ್ದರೆ ಅವತ್ತೇ ತೋರಿಸಬೇಕು. ಉಸಿರೆಳೆದಾಗ ಪಕ್ಕೆ ಒಳಗೆ ಸೇದಿಕೊಳ್ಳುವುದು, ಪ್ರತಿ ಉಸಿರಿಗೂ ನರಳುವುದು, ಹಾಲು ಕುಡಿಯುವುದನ್ನು ಬಿಡುವುದು, ಕಂಕುಳಲ್ಲಿ ಜ್ವರ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು, ಇಲ್ಲವೇ ಮೈ ತಣ್ಣಗಾಗುವುದು, ಇವಕ್ಕೂ ಕಾಯಬೇಡಿ. ಇವು ಯಾವ ಸಾಕ್ಸ್‌ಗೂ ತಿಳಿಯುವುದಕ್ಕಿಂತ ನಿಮಗೆ ಚೆನ್ನಾಗಿ ತಿಳಿಯುತ್ತವೆ. ಇನ್ನೂರು ಮುನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಸಾಕು.

ಈಗ ಸಾಕ್ಸ್ ವಿಷಯ. ಇಂಥವುಗಳಲ್ಲಿ ಹೆಸರಾದದ್ದು ಅಮೆರಿಕದ ಔಲೆಟ್. ಅದನ್ನು ವೈದ್ಯಕೀಯ ಸಾಧನದ ಅನುಮತಿ ಇಲ್ಲದೆ ಮಾರುತ್ತಿದ್ದೀರಿ ಅಂತ ಅಲ್ಲಿನ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಪತ್ರ ಬರೆಯಿತು. ಕಂಪನಿ ಅಮೆರಿಕದಲ್ಲಿ ಆ ಸಾಕ್ಸ್ ಮಾರಾಟ ನಿಲ್ಲಿಸಿತು. ಅದರ ‘ಡ್ರೀಮ್ ಸಾಕ್’ಗೆ 2023ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಅದೂ ಯಾರಿಗೆ? 1ರಿಂದ 18 ತಿಂಗಳ ಆರೋಗ್ಯವಂತ ಮಕ್ಕಳಿಗೆ. ನಿಮ್ಮ ಮಗಳಿಗೆ 12 ದಿನ. ಅನುಮತಿ ಪಡೆದ ಸಾಕ್ಸ್‌ನ ಲೆಕ್ಕದಲ್ಲೇ ಅವಳು ಬರುವುದಿಲ್ಲ.

2018ರಲ್ಲಿ ಇಂಥ ಎರಡು ಸಾಧನಗಳನ್ನು ಆಸ್ಪತ್ರೆಯ ಆಕ್ಸಿಮೀಟರ್ ಜೊತೆ ಒಂದೇ ಹೊತ್ತಿಗೆ ಮಕ್ಕಳಿಗೆ ಹಾಕಿ ನೋಡಿದರು. ಒಂದು, ಆಮ್ಲಜನಕ ಇಳಿದದ್ದನ್ನು ಒಮ್ಮೆಯೂ ಹಿಡಿಯಲಿಲ್ಲ. ಇನ್ನೊಂದು ಹಿಡಿಯಿತು, ಆದರೆ ಒಮ್ಮೊಮ್ಮೆ ತಪ್ಪಿಸಿತು. ಐಸಿಯುನಲ್ಲಿ ನಾವು ಬಳಸುವ ದುಬಾರಿ ಯಂತ್ರಗಳೇ ಮಗು ಕಾಲು ಒದ್ದರೆ ಸುಳ್ಳು ಅಲಾರಂ ಹೊಡೆಯುತ್ತವೆ. ಅಲ್ಲಿ ನರ್ಸ್ ನೋಡಿ ಆರಿಸುತ್ತಾರೆ. ಮನೆಯಲ್ಲಿ ನಡುರಾತ್ರಿ ಎರಡು ಗಂಟೆಗೆ ಅದು ಕೂಗಿದರೆ ನಿಮ್ಮ ಗತಿ ಏನು? ಎರಡು ಸಲ ಸುಳ್ಳಾದರೆ ಮೂರನೆಯ ಸಲ ನೀವೇ ಬಂದ್ ಮಾಡಿ ಮಲಗುತ್ತೀರಿ. ಹಾಸಿಗೆ ಕೆಳಗಿನ ಪ್ಯಾಡ್‌ಗೂ ಇದೇ ಮಾತು. ನಿದ್ದೆಯಲ್ಲಿ ಆಗುವ ಹಠಾತ್ ಶಿಶು ಸಾವನ್ನು ಈ ಯಾವ ಸಾಧನವೂ ತಪ್ಪಿಸುತ್ತದೆ ಅಂತ ಸಾಬೀತಾಗಿಲ್ಲ. ಅದಕ್ಕಾಗಿ ಇವನ್ನು ಬಳಸಬೇಡಿ ಅಂತಲೇ ಅಕಾಡೆಮಿ ಹೇಳುತ್ತದೆ.

ತಪ್ಪಿಸಿದ್ದು ಯಾವುದು ಗೊತ್ತಾ? ಅಂಗಾತ ಮಲಗಿಸುವುದು. ಅಮೆರಿಕದಲ್ಲಿ 1994ರಲ್ಲಿ ಅದರ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವು ಅರ್ಧಕ್ಕಿಂತ ಕಡಿಮೆಯಾಯಿತು. ಹಾಗಾಗಿ ಸಾಕ್ಸ್ ದುಡ್ಡಿನಲ್ಲಿ ಒಂದು ಗಟ್ಟಿ, ಸಮತಟ್ಟು ಹಾಸಿಗೆ ತನ್ನಿ. ನಿದ್ದೆ ಚಿಕ್ಕದಿರಲಿ ದೊಡ್ಡದಿರಲಿ, ಅಂಗಾತವೇ ಮಲಗಿಸಿ. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು ಬೇಡ. ದಪ್ಪ ಕೌದಿ, ರಜಾಯಿ ಹೊದಿಸಬೇಡಿ. ಮನೆಯೊಳಗೆ ಟೋಪಿ ಹಾಕಿ ಮಲಗಿಸಬೇಡಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಮೊದಲು ಅದನ್ನು ನಿಲ್ಲಿಸಿ. ಸ್ನಾನ ಆದ ಮೇಲೆ ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವುದೂ ಬೇಡ. ಇದಕ್ಕೆ ಅಜ್ಜಿಯರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ.

ಪಾಳಿ ಮಾತ್ರ ನಿಲ್ಲಿಸಬೇಡಿ. ಆದರೆ ಕಾಯಲು ಅಲ್ಲ. ಒಬ್ಬರು ಮಲಗಿದಾಗ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳಿ. ನಿದ್ದೆಗೆಟ್ಟು ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ಅಲ್ಲೇ ತೂಕಡಿಸುವುದು ಬಹಳ ಅಪಾಯ.

ಅದಕ್ಕೇ ಸೇರಿದ ಪ್ರಶ್ನೆ (ಶಿವಮೊಗ್ಗ): ನಮ್ಮದು 32 ವಾರಕ್ಕೆ ಹುಟ್ಟಿದ ಮಗು. ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ನಮಗೂ ಸಾಕ್ಸ್ ಬೇಡವಾ?

ಉತ್ತರ: ನಿಮ್ಮದು ಬೇರೆ ವಿಷಯ. ಅವಧಿಗೆ ಮೊದಲು ಹುಟ್ಟಿದ ಮಗುವನ್ನು, ಉಸಿರು ನಿಲ್ಲುವುದು ಪೂರ್ತಿ ಹೋಗಿ ಕೆಲವು ದಿನ ಆಗುವ ತನಕ ಮನೆಗೆ ಕಳಿಸುವುದಿಲ್ಲ. ಮನೆಯಲ್ಲೂ ಮಾನಿಟರ್ ಬೇಕು ಅನ್ನಿಸಿದರೆ ಆಸ್ಪತ್ರೆಯ ಡಾಕ್ಟರೇ ಬರೆದುಕೊಡುತ್ತಾರೆ. ಅದು ವೈದ್ಯಕೀಯ ಯಂತ್ರ, ಅಂಗಡಿಯ ಸಾಕ್ಸ್ ಅಲ್ಲ. ಬರೆದುಕೊಡಲಿ, ಬಿಡಲಿ, ಡಿಸ್‌ಚಾರ್ಜ್‌ಗೆ ಮುಂಚೆ ಎಳೆ ಮಗುವಿಗೆ ಉಸಿರು ಕೊಡುವುದು, ಎದೆ ಒತ್ತುವುದು ಹೇಗೆ ಅಂತ ನರ್ಸ್ ಹತ್ತಿರ ಕೇಳಿ ಕಲಿಯಿರಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ನೋಡಿಸುವುದನ್ನೂ ತಪ್ಪಿಸಬೇಡಿ.

ಪ್ರಶ್ನೆ (ಹುಬ್ಬಳ್ಳಿ, ಒಬ್ಬ ಅಜ್ಜಿ): ಡಾಕ್ಟರ್ರೀ, ನಮ್ಮ ಮನೆಯಲ್ಲಿ ಹತ್ತು ಮಂದಿ ಇದ್ದೇವೆ. ಸೊಸೆ ಈ ಡಬ್ಬಿ ಬೇಕು ಅಂತಾಳೆ. ಯಾಕೆ ಬೇಕ್ರೀ ಇದು?

ಉತ್ತರ: ಬೇಡ್ರೀ ಅಜ್ಜಿ. ಆದರೆ ಒಂದು ಮಾತು. ಹತ್ತು ಮಂದಿ ಇದ್ದ ಮನೆಯಲ್ಲಿ ‘ಅವರು ನೋಡ್ಕೋತಾರೆ’ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ಹೊತ್ತು ಮಗು ಯಾರ ಜವಾಬ್ದಾರಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಆಮೇಲೂ ಸೊಸೆ ಬೇಕು ಅಂದರೆ ತಂದುಕೊಡಿ. ಬಾಣಂತಿ ಸಮಾಧಾನವಾಗಿ ಸ್ನಾನ ಮಾಡಿ ಬರಲಿ.

ಪ್ರಶ್ನೆ (ಬೆಂಗಳೂರು, ಕೆಲಸಕ್ಕೆ ಹೋಗುವ ತಾಯಿ): 26 ವಾರದ ಹೆರಿಗೆ ರಜೆ ಮುಗಿಯುತ್ತಾ ಬಂದಿದೆ. ಆಯಾ ಬರುತ್ತಾರೆ, ಅತ್ತೆ ಸಂಜೆ ಬರುತ್ತಾರೆ. ಆಫೀಸಿನಿಂದ ನೋಡಲು ವೈಫೈ ಕ್ಯಾಮೆರಾ ಹಾಕಬೇಕು. ಅದು ಹ್ಯಾಕ್ ಆಗುತ್ತಂತೆ, ಹೌದಾ?

ಉತ್ತರ: ಆಗಿದೆ. 2013ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಯಾರೋ ಒಬ್ಬ ಒಂದು ಮನೆಯ ಕ್ಯಾಮೆರಾದೊಳಗೆ ನುಗ್ಗಿ, ಮಲಗಿದ್ದ ಎರಡು ವರ್ಷದ ಮಗುವನ್ನು ಬೈದಿದ್ದ. ಹೆಚ್ಚಾಗಿ ಹೀಗಾಗುವುದು ಕಂಪನಿ ಹಾಕಿಕೊಟ್ಟ ಪಾಸ್‌ವರ್ಡನ್ನು ಹಾಗೇ ಬಿಟ್ಟಾಗ, ಇಲ್ಲವೇ ಅಪ್‌ಡೇಟ್ ಮಾಡದಿದ್ದಾಗ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಇಟ್ಟು ಇಂಥ ಸಾಧನ ಮಾರುವುದಕ್ಕೇ ಕಾನೂನಿನ ತಡೆ ಇದೆ. ನೀವು ಮೊದಲ ದಿನವೇ ಪಾಸ್‌ವರ್ಡ್ ಬದಲಾಯಿಸಿ, ಬೇರೆಲ್ಲೂ ಬಳಸದಂಥದ್ದು ಹಾಕಿ. ಓಟಿಪಿ ಕೇಳುವ ಎರಡು ಹಂತದ ಲಾಗಿನ್ ಇರುವ ಕ್ಯಾಮೆರಾನೇ ತಗೊಳ್ಳಿ. ರೆಕಾರ್ಡಿಂಗ್ ಮೆಮೊರಿ ಕಾರ್ಡಿನಲ್ಲೇ ಉಳಿಯಲಿ.

‘ಬೇಬಿ’ ಅಂತ ಬರೆದಿರುವ ದುಬಾರಿ ಕ್ಯಾಮೆರಾ ಏನೂ ಬೇಕಿಲ್ಲ, ಮನೆಯೊಳಗೆ ಹಾಕುವ ಸಾಧಾರಣ ವೈಫೈ ಕ್ಯಾಮೆರಾ ಸಾಕು. ರೂಟರ್‌ಗೆ ಯುಪಿಎಸ್ ಇರಲಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಕ್ಯಾಮೆರಾನೂ ಹೋಗುತ್ತದೆ, ನೀವು ಆಫೀಸಿನಲ್ಲಿ ಕೂತು ಒದ್ದಾಡುತ್ತೀರಿ. ಕ್ಯಾಮೆರಾ ಇದೆ ಅಂತ ಆಯಾಗೆ ಮೊದಲೇ ಹೇಳಿ. ಹೇಳದೆ ಇಡುವುದು ನನಗೆ ಸರಿ ಕಾಣುವುದಿಲ್ಲ. ನೀವು ಹಾಲು ಕುಡಿಸುವ ಜಾಗ, ಮಗುವಿನ ಬಟ್ಟೆ ಬದಲಿಸುವ ಜಾಗ ಅದರ ಕಣ್ಣಿಗೆ ಬೀಳದಿರಲಿ.

ಪ್ರಶ್ನೆ (ತುಮಕೂರು): ಅಮೆರಿಕದಲ್ಲಿರುವ ಅಕ್ಕ ಅವಳ ಮಗುವಿಗೆ ಬಳಸಿದ ಧ್ವನಿ ಮಾನಿಟರ್ ಕೊಡುತ್ತೇನೆ ಅಂತಿದ್ದಾಳೆ. ಇಲ್ಲಿ ನಡೆಯುತ್ತಾ?

ಉತ್ತರ (ಗುಂಪಿನ ಸದಸ್ಯ, ಟೆಲಿಕಾಂ ಎಂಜಿನಿಯರ್): ಡಾಕ್ಟರ್ ಬದಲು ನಾನು ಹೇಳುತ್ತೇನೆ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿ. ಬರೀ 120 ಅಂತ ಇದ್ದರೆ ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ರೇಡಿಯೋ. ‘ಡೆಕ್ಟ್ 6.0’ (ಅಮೆರಿಕದ ಕಾರ್ಡ್‌ಲೆಸ್ ಫೋನುಗಳ ರೇಡಿಯೋ ಪದ್ಧತಿ) ಅಂತ ಬರೆದಿದ್ದರೆ ತರಿಸಬೇಡಿ. ಅದು 1920–1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳಿಗೆ ಕೊಟ್ಟಿರುವ ಜಾಗ. 2.4 ಗಿಗಾಹರ್ಟ್ಸ್‌ನದಾದರೆ ತೊಂದರೆ ಇಲ್ಲ, ವೈಫೈ ನಡೆಯುವುದೂ ಅಲ್ಲೇ.

ಪ್ರಶ್ನೆ (ಮಂಗಳೂರು): ಮಾನಿಟರ್ ತೊಟ್ಟಿಲಿಗೇ ಕಟ್ಟಬಹುದಾ? ರೇಡಿಯೇಷನ್ ಭಯ ಇದೆ.

ಉತ್ತರ: ಕಟ್ಟಬೇಡಿ, ಆದರೆ ಕಾರಣ ಬೇರೆ. ಇವುಗಳ ರೇಡಿಯೋ ಶಕ್ತಿ ಬಹಳ ಕಡಿಮೆ, ಸ್ವಲ್ಪ ದೂರ ಇಟ್ಟರೆ ಇನ್ನೂ ಕಡಿಮೆಯಾಗುತ್ತದೆ. ನನಗೆ ಭಯ ಇರುವುದು ವಯರ್ ಬಗ್ಗೆ. 2011ರಲ್ಲಿ ಅಮೆರಿಕದಲ್ಲಿ ಒಂದೇ ಕಂಪನಿಯ ಸುಮಾರು 17 ಲಕ್ಷ ವಿಡಿಯೋ ಮಾನಿಟರ್‌ಗಳ ವಿಷಯದಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು. ವಯರ್ ಕುತ್ತಿಗೆಗೆ ಸುತ್ತಿ ಇಬ್ಬರು ಮಕ್ಕಳು ಸತ್ತಿದ್ದರು. ತೊಟ್ಟಿಲಿನಿಂದ ವಯರ್ ಕನಿಷ್ಠ ಒಂದು ಮೀಟರ್ ದೂರ ಇರಲಿ. ತೂಗುವ ತೊಟ್ಟಿಲು, ಸೀರೆ ಜೋಲಿ ಆದರೆ ಅದು ತೂಗಿದಾಗ ಎಲ್ಲಿ ತನಕ ಬರುತ್ತದೆ ನೋಡಿ, ಅಲ್ಲಿಂದ ಅಳೆಯಿರಿ. ದೃಷ್ಟಿಯಾಗದಿರಲಿ ಅಂತ ಕುತ್ತಿಗೆಗೆ ಕಟ್ಟುವ ಕಪ್ಪು ದಾರವನ್ನೂ ಬಿಚ್ಚಿಬಿಡಿ. ಬೇಕೇ ಬೇಕು ಅಂದರೆ ಕಾಡಿಗೆ ಬೊಟ್ಟು ಇಡಿ, ಕೆನ್ನೆಗೆ ಮಾತ್ರ, ಕಣ್ಣಿಗಲ್ಲ.

ಪ್ರಶ್ನೆ (ಮಂಡ್ಯ): ನನಗೂ ನನ್ನ ಗಂಡನಿಗೂ ಕಿವಿ ಕೇಳಿಸುವುದಿಲ್ಲ. ಬೇರೆ ಯಾರೂ ಮನೆಯಲ್ಲಿಲ್ಲ. ಮೇಲಿನ ಉತ್ತರ ಎಲ್ಲ ಓದಿದೆ. ರಾತ್ರಿಗೆ ಮಾನಿಟರ್ ಬೇಡ ಅಂದಿರಲ್ಲ?

ಉತ್ತರ: ನಿಮಗೆ ಬೇಕು. ಮೊದಲ ರಾತ್ರಿಯಿಂದಲೇ ಬೇಕು. ಮಗು ಅತ್ತರೆ ನಡುಗುವ, ದೀಪ ಮಿನುಗುವ ಮಾನಿಟರ್ ನೋಡಿ. ನಡುಗುವ ಭಾಗವನ್ನು ದಿಂಬಿನ ಕೆಳಗೋ ಮಣಿಕಟ್ಟಿಗೋ ಇಟ್ಟುಕೊಳ್ಳುವಂತಿರಬೇಕು. ಸದ್ದಿನ ಮಟ್ಟ ಹೊಂದಿಸುವಂಥದ್ದು ಮುಖ್ಯ. ಎಳೆ ಮಕ್ಕಳು ನಿದ್ದೆಯಲ್ಲಿ ತುಂಬಾ ಮುಲುಗುತ್ತಾರೆ. ಅದಕ್ಕೆಲ್ಲ ನಡುಗಿದರೆ ನೀವು ನಿದ್ದೆ ಮಾಡಿದ ಹಾಗೆ. ಮನೆಯಲ್ಲೇ ಇರುವವರಲ್ಲಿ, ವಿಡಿಯೋ ಇರುವುದನ್ನು ನಾನು ನಿಮಗೆ ಮಾತ್ರ ಸೂಚಿಸುತ್ತೇನೆ. ಬೇರೆ ಕೋಣೆಯಲ್ಲಿದ್ದಾಗ ನಡುಗಿದರೆ ಮಗು ಅತ್ತಿತೋ, ಹೊರಗೆ ಹಾರ್ನ್ ಸದ್ದಾಯಿತೋ ಅಂತ ಪರದೆ ನೋಡಿದರೆ ತಿಳಿಯುತ್ತದೆ. ರಾತ್ರಿ ಹೊತ್ತು ಕ್ಯಾಮೆರಾದ ಡಬ್ಬಿಯೂ ಬ್ಯಾಟರಿ ಅಥವಾ ಯುಪಿಎಸ್ ಮೇಲೆ ಇರಲಿ.

ಇನ್ನೊಂದು ಕೆಲಸ. ಮಗುವಿಗೆ ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ ಮಾಡಿಸಿ. ನಿಮಗೆ ಹತ್ತಿರವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಗು ಮಲಗಿರುವಾಗಲೇ ಮಾಡುತ್ತಾರೆ, ನೋವಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ನಡುಗುವ ಮಾನಿಟರ್‌ಗಳ ಬಗ್ಗೆ ಅಲ್ಲಿನವರನ್ನೇ ಕೇಳಿ, ಬಳಸಿದವರ ಪರಿಚಯ ಅವರಿಗಿರುತ್ತದೆ.