ಅವ್ವಗ ಕರೆಂಟ್ (ಕ್ಯಾನ್ಸರಿಗೆ ಕೊಡೋ ರೇಡಿಯೇಷನ್) ಕೊಡಾಕತ್ತಾರ, ಎದಿ ಚರ್ಮ ಕರ್ರಗಾಗೈತಿ, ಏನ್ ಹಚ್ಚಬೇಕ್ರಿ?

ಪ್ರಶ್ನೆ (ಗಂಗಾವತಿ ಕಡಿಯಿಂದ):

ನಮಸ್ಕಾರ ಸಿಸ್ಟರ್, ಗ್ರೂಪಿನ್ಯಾಗ ಮೊದಲನೇ ಸಲ ಕೇಳಾಕತ್ತೀನಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ. ನಮ್ಮ ಅವ್ವಗ 54 ವರ್ಷ, ಬಲಗಡಿ ಎದಿಯೊಳಗ ಗಂಟಾಗಿತ್ತು, ಆಪರೇಷನ್ ಮಾಡಿ ಗಂಟಷ್ಟ ತಗದಾರ, ಎದಿ ಉಳಿಸ್ಯಾರ. ಕೀಮೋ ಮುಗದು ಈಗ ಹುಬ್ಬಳ್ಳ್ಯಾಗ ಕರೆಂಟ್ ಕೊಡಾಕತ್ತಾರ, ಒಟ್ಟು 15 ಸಲ ಅಂದಾರ, ಇವತ್ತಿಗೆ 11 ಆದುವು. ಅಲ್ಲೇ ನಮ್ಮ ದೊಡ್ಡವ್ವನ ಮನ್ಯಾಗ ಅದೀವಿ, ಶನಿವಾರ ರವಿವಾರ ಊರಿಗೆ ಹೋಗಿ ಬರ್ತೀವಿ.

ಮೊದಲ ವಾರ ಏನೂ ಆಗಿದ್ದಿಲ್ಲ, ಅವ್ವ "ಇಷ್ಟೇನಾ, ಸುಮ್ನ ಹೆದರಿದ್ದೆ" ಅಂತ ನಕ್ಕಿದ್ಲು. ಈಗ ನೋಡಿದ್ರ ಎದಿ ಮ್ಯಾಲೆಲ್ಲಾ ಕರ್ರಗ ಆಗೈತಿ, ಬಗಲಾಗೂ ಕರಿ, ತುರಿಕಿ ಬಾಳ, ಎದಿ ಕೆಳಗ ಉರಿತೈತಿ ಅಂತಾಳ ಆದ್ರ ತೋರ್ಸು ಅಂದ್ರ ತೋರಸವಲ್ಲು, ನನ್ನ ಮುಂದನೂ ನಾಚಿಕಿ ಅಕಿಗೆ. ಡಾಕ್ಟರಿಗೆ ಹೇಳೋಣು ಅಂದ್ರ ಅಲ್ಲಿ ಪಾಳಿ ಅಷ್ಟುದ್ದ, ಒಳಗ ಹೋದ್ಲು ಹೊರಗ ಬಂದ್ಲು, ಕೇಳಾಕ ಟೈಮೇ ಸಿಗಂಗಿಲ್ಲ. ಊರಾಗ ಒಬ್ಬೊಬ್ಬರು ಒಂದೊಂದು ಹೇಳಾಕತ್ತಾರ, ಅರಿಷಿಣ ಕೊಬ್ರಿ ಎಣ್ಣಿ ಕಲಸಿ ಹಚ್ಚು ಅಂತಾರ, ಲೋಳಸರ ಅಂತಾರ, ಸ್ನಾನನ ಮಾಡಬ್ಯಾಡ ಅಂತಾರ. ಸುಟ್ಟ ಗಾಯ ಇದ್ದಂಗ ಅಲ್ಲೇನ್ರಿ ಇದು? ಅವ್ವಗ ಸಕ್ಕರಿ ಕಾಯಿಲೆನೂ ಐತಿ. ಉಳದ 4 ಬಿಟ್ಟುಬಿಡೋಣ ಅಂತ ಅಕಿ ಹಟ ಹಿಡದಾಳ. ದಯವಿಟ್ಟು ಹೇಳ್ರಿ.

ಉತ್ತರ (ರೇಡಿಯೇಷನ್ ವಿಭಾಗದ ಸಿಸ್ಟರ್, ರಾಯಚೂರು):

ತಂಗಿ, ಮೊದಲ ಮಾತು, ಉಳಿದ 4 ಬಿಡಬ್ಯಾಡ್ರಿ. ಮಧ್ಯ ಬಿಟ್ರ ಇಲ್ಲಿ ತನಕ ಪಟ್ಟ ಕಷ್ಟಕ್ಕ ಅರ್ಥ ಇರಲ್ಲ, ಒಳಗ ಒಂದೆರಡು ಕ್ಯಾನ್ಸರ್ ಕಣ ಉಳದಿದ್ರ ಅವು ಚೇತರಿಸ್ಕೊಳ್ಳಾಕ ನಾವೇ ಟೈಮ್ ಕೊಟ್ಟಂಗ. ಚರ್ಮ ಬಾಳ ಕೆಟ್ಟಿದ್ರ ಒಂದೆರಡು ದಿನ ನಿಲ್ಲಿಸೋದು ಬಿಡೋದು ಡಾಕ್ಟರ್ ನೋಡಿ ಹೇಳ್ತಾರ, ಅದು ನಿಮ್ಮ ಮನ್ಯಾಗ ಆಗೋ ತೀರ್ಮಾನ ಅಲ್ಲ.

ಎರಡನೇದು, ನೀವು ಕರ್ರಗಾಗೇದ ಅಂದ್ರಲ್ಲ, ಅದು ಬಾಳ ಮುಖ್ಯ ಮಾತು. ಪುಸ್ತಕದಾಗೆಲ್ಲಾ ಚರ್ಮ ಕೆಂಪಾಗ್ತದ ಅಂತ ಬರದಿರ್ತಾರ, ಅದು ಬೆಳ್ಳನ ಮಂದಿ ಚರ್ಮ ನೋಡಿ ಬರದದ್ದು. ನಮ್ಮ ಕಡಿ ಮಂದಿಗೆ ಕೆಂಪು ಕಾಣಲ್ಲ, ಕಂದು, ನೇರಳಿ, ಕರಿ ಹಿಂಗ ಕಾಣ್ತದ. "ಕೆಂಪಾಗಿಲ್ಲಲ್ಲ, ಏನೂ ಆಗಿಲ್ಲ" ಅಂತ ಮನ್ಯಾಗಿನವರೂ ಬಿಡ್ತಾರ, ಒಮ್ಮೊಮ್ಮೆ ನಮ್ಮ ಮಂದಿನೂ ಬಿಡ್ತಾರ, ಖರೇ ಹೇಳ್ತೀನಿ. ಅದಕ್ಕ ಬಣ್ಣ ಒಂದೇ ನೋಡಬ್ಯಾಡ್ರಿ, ಎಡಗಡಿ ಎದಿ ಜೋಡಿ ಹೋಲಿಸಿ ನೋಡ್ರಿ, ಕೈ ಹಿಂಬದಿ ಇಟ್ಟು ನೋಡ್ರಿ, ಬಿಸಿ ಅದ ಏನು, ಬಿಗದದ ಏನು, ಬಾತದ ಏನು ಅಂತ.

ಸುಟ್ಟ ಗಾಯ ಏನ್ರಿ ಅಂತ ಕೇಳಿದ್ರಿ. ಅಲ್ಲ. ಬೆಂಕಿ ತಾಕಿದ್ರ ಆ ಕ್ಷಣನ ಸುಡ್ತದ, ಇದು ಹಂಗಲ್ಲ. ಚರ್ಮದ ತಳದಾಗ ದಿನಾ ಹೊಸ ಕಣ ಹುಟ್ಟಿ ಮ್ಯಾಲೆ ಬರ್ತಿರ್ತಾವ, ಹಳೇವು ಉದುರ್ತಾವ, ಕರೆಂಟು ಆ ಹುಟ್ಟೋದನ್ನ ತಡೀತದ. ನಿಮ್ಮದು ಭತ್ತದ ಊರು, ತಿಳಿತದ ನಿಮಗ, ಸಸಿ ಮಡ್ಯಾಗ ಸಸಿ ಏಳಲಿಲ್ಲ ಅಂದ್ರ ಅದು ಗದ್ದ್ಯಾಗ ಗೊತ್ತಾಗೋದು ಮುಂದ ವಾರಗಟ್ಲೆ ಆದ ಮ್ಯಾಲೆ. ಅದಕ್ಕ ಮೊದಲ ವಾರ ಅವ್ವ ನಕ್ಕಿದ್ದು, ಈಗ ಎರಡು ವಾರ ದಾಟಿದ ಮ್ಯಾಲೆ ಶುರು ಆಗಿದ್ದು. ಇನ್ನೊಂದು ಈಗ್ಲೇ ಹೇಳಿಬಿಡ್ತೀನಿ, 15 ಮುಗದ ಮ್ಯಾಲೆ ಒಂದು ಎರಡು ವಾರ ಇದು ಇನ್ನೂ ಜಾಸ್ತಿನ ಆಗ್ತದ, ಆಮ್ಯಾಲೆ ಇಳೀತದ. ಆವಾಗ ಗಾಬರಿ ಆಗಬ್ಯಾಡ್ರಿ, ಆದ್ರ ಕಣ್ಣಿಡ್ರಿ.

ಈಗ ಎದಿ ಕೆಳಗಿನ ಉರಿ. ನನಗ ಎಲ್ಲಾಕ್ಕಿಂತ ಚಿಂತಿ ಅದರದ್ದೇ. ಈ ಮಷಿನ್ನಿನ ಕಿರಣ ಚರ್ಮದ ಮ್ಯಾಲೆ ಸ್ವಲ್ಪ ಕಮ್ಮಿ ಬಿದ್ದು, ಒಳಗ ಹೋದ ಮ್ಯಾಲೆ ಪೂರ್ತಿ ಜೋರಾಗ್ತದ, ಅದು ನಮ್ಮ ಪುಣ್ಯ. ಆದ್ರ ಎದಿ ಜೋತು ಬಿದ್ದು ಚರ್ಮಕ್ಕ ಚರ್ಮ ಅಂಟಿರೋ ಕಡಿ, ಬಗಲ ಮಡಿಕ್ಯಾಗ, ಆ ಲಾಭ ಸಿಗಲ್ಲ, ಮ್ಯಾಲಿಂದ ಬೆವರು, ತಿಕ್ಕಾಟ ಬ್ಯಾರೆ. ಮೊದ್ಲು ಚರ್ಮ ಕಿತ್ತು ನೀರಾಡೋದು ಅಲ್ಲೇ. ನಾಚಿಕಿ ಅಂತ ಮುಚ್ಚಿಟ್ಕೊಳ್ಳೋದೂ ಅದನ್ನೇ. ನಾಳೆನೇ ಅವ್ವಗ ಮಷಿನ್ ಹತ್ರ ಇರೋ ಟೆಕ್ನಿಷಿಯನ್ ಹೆಣ್ಮಗಳಿಗೋ ಸಿಸ್ಟರ್‌ಗೋ ಒಂದೇ ಮಾತು ಹೇಳಾಕ ಹೇಳ್ರಿ, "ಕೆಳಗ ಎತ್ತಿ ನೋಡ್ರಿ, ಉರಿತೈತಿ" ಅಂತ. ಪಾಳಿ ಎಷ್ಟೇ ಇರ್ಲಿ, ದಿನಾ ಮಲಗ್ಸೋರು ಅವರೇ, ಒಂದು ನಿಮಿಷದ ಕೆಲಸ, ಅವರು ಡಾಕ್ಟರಿಗೆ ಹೇಳ್ತಾರ.

ಸ್ನಾನ ಮಾಡ್ಲಿ, ದಿನಾ ಮಾಡ್ಲಿ. ಬಿಟ್ರನ ತೊಂದ್ರಿ, ಬೆವರು ಹೊಲಸು ಕೂತು ಕೀವಾಗ್ತದ. ಉಗುರು ಬೆಚ್ಚನ್ನ ನೀರು, ಸಾದಾ ಸೋಪು, ಕೈಲೆ ಸವರಿ ನೀರು ಹಾಕೋದು ಅಷ್ಟೇ. ತಿಕ್ಕೋ ಕಲ್ಲು, ನಾರು, ಕಡ್ಲಿಹಿಟ್ಟು ಆ ಜಾಗಕ್ಕ ತಾಗಿಸಬ್ಯಾಡ್ರಿ. ಒರೆಸೋದಲ್ಲ, ಹಳೇ ಧೋತರದ ಬಟ್ಟಿ ಇಟ್ಟು ಒತ್ತಿ ನೀರು ಹೀರಿಸ್ರಿ. ಆಮ್ಯಾಲೆ ಬಾಗ್ಲಾ ಹಾಕ್ಕೊಂಡು, ಅಂಗಾತ ಮಲಗಿ, ಬಲಗೈ ತಲಿ ಮ್ಯಾಲೆ ಇಟ್ಟು ಒಂದು ಹತ್ತು ನಿಮಿಷ ಫ್ಯಾನ್ ಗಾಳಿ ಬಿಡ್ಲಿ, ಇದಕ್ಕಿಂತ ದೊಡ್ಡ ಔಷಧ ನಾ ನೋಡಿಲ್ಲ. ಮಡಿಕ್ಯಾಗ ಮೆತ್ತನ್ನ ಕಾಟನ್ ಬಟ್ಟಿ ಮಡಚಿ ಇಡ್ರಿ, ತೊಯ್ದ ಕೂಡ್ಲೆ ಬದಲ ಮಾಡ್ರಿ. ಪೌಡರ್ ಬ್ಯಾಡ, ಬೆವರಿಗೆ ಗಂಟು ಗಂಟು ಆಗಿ ಉಸುಕಿನಂಗ ತಿಕ್ತದ. ಮೈ ಮ್ಯಾಲೆ ಮಾರ್ಕರ್ ಗೆರಿ ಹಾಕಿದ್ರ ಅದನ್ನ ಅಳಿಸಬ್ಯಾಡ್ರಿ, ಮಸುಕಾದ್ರ ನೀವೇ ಪೆನ್ನು ತಗೊಂಡು ತಿದ್ದಬ್ಯಾಡ್ರಿ (ನಗಬ್ಯಾಡ್ರಿ, ಮಾಡಿದವರನ್ನ ನೋಡೀನಿ).

ಅರಿಷಿಣ ಎಣ್ಣಿ ಮಾತಿಗೆ ಬರ್ತೀನಿ. ಅರಿಷಿಣಕ್ಕ ನನ್ನ ದ್ವೇಷ ಏನಿಲ್ಲ, ಸಾರಿಗೆ ಹಾಕ್ರಿ. ಎದಿಗೆ ದಪ್ಪಗ ಮೆತ್ತಿಕೊಂಡು ಹೋಗಿ ಮಷಿನ್ ಕೆಳಗ ಮಲಗಿದ್ರ ಆ ಲೇಪನೇ ಇನ್ನೊಂದು ಚರ್ಮ ಇದ್ದಂಗ ಆಗಿ, ಒಳಗ ಜೋರಾಗಬೇಕಾದ ಕಿರಣ ಚರ್ಮದ ಮ್ಯಾಲೇ ಜೋರಾಗ್ತದ. ಮತ್ತ ಕಿತ್ತ ಚರ್ಮಕ್ಕ ಮನಿ ಪುಡಿ ಹೋದ್ರ ಸೋಂಕು. ಲೋಳಸರದಿಂದ ಚರ್ಮ ಕೀಳೋದು ತಪ್ತದ ಅಂತ ಪರೀಕ್ಷೆ ಮಾಡಿ ನೋಡಿದಾಗ ಸಾಬೀತಾಗಿಲ್ಲ, ಗಿಡದಿಂದ ಕಿತ್ತು ಹಸೀದು ಹಚ್ಚೋದಂತೂ ಬ್ಯಾಡ. ವಾಸನಿ ಇಲ್ಲದ ಸಾದಾ ಮಾಯಿಶ್ಚರೈಸರ್ ದಿನಕ್ಕ ಎರಡು ಸಲ ತೆಳ್ಳಗ ಸವರ್ರಿ, ಕರೆಂಟ್ ಮುಗಿಸಿ ಬಂದ ಮ್ಯಾಲೊಮ್ಮೆ, ಮಲಗೋ ಮುಂದೊಮ್ಮೆ, ಚರ್ಮ ಕಿತ್ತಿರೋ ಕಡಿ ಬಿಟ್ಟು. ತುರಿಕಿಗೆ ಡಾಕ್ಟರ್ ಮೊಮೆಟಾಸೋನ್ ಅನ್ನೋ ಸ್ಟಿರಾಯ್ಡ್ ಮುಲಾಮು ಬರದು ಕೊಡೋದುಂಟು, ಅದು ಒಳ್ಳೇದು, ಆದ್ರ ಮೆಡಿಕಲ್ ಶಾಪಿನಾಂವ ತುರಿಕಿ ಅಂದ ಕೂಡ್ಲೆ ಕೊಡೋ ಮೂರು ನಾಕು ಔಷಧ ಕಲಸಿದ ಟ್ಯೂಬು ತರಬ್ಯಾಡ್ರಿ. ಐಸ್ ಇಡಬ್ಯಾಡ್ರಿ, ಬಿಸಿನೀರಿನ ಚೀಲನೂ ಬ್ಯಾಡ.

ಸಕ್ಕರಿ ಹಿಡಿತದಾಗ ಇರ್ಲಿ, ಇಲ್ಲಂದ್ರ ಗಾಯ ಮಾಯೋದು ತಡ. 100.4 ಡಿಗ್ರಿ ಮ್ಯಾಲೆ ಜ್ವರ, ಕೀವು, ಕೆಟ್ಟ ವಾಸನಿ, ಬೊಬ್ಬಿ, ರಾತ್ರಿ ನಿದ್ದಿ ಕೆಡೋವಷ್ಟು ನೋವು, ಇದ್ರಾಗ ಒಂದು ಬಂದ್ರೂ ಮರುದಿನದ ಪಾಳಿ ಕಾಯಬ್ಯಾಡ್ರಿ, ಅವತ್ತೇ ಹೋಗ್ರಿ.

ಬಳ್ಳಾರಿಯಿಂದ ಒಬ್ರು:

ಮೇಡಂ, ನಮ್ ಮನೇವ್ರಿಗೆ ಮುಂದಿನ ವಾರ ಶುರು ಆಗ್ತೈತೆ. ಬಳ್ಳಾರಿ ಬಿಸ್ಲು ನಿಮಗ್ ಗೊತ್ತೇ ಐತೆ, ಇಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತೆ ಜಾಸ್ತಿ ಬೇಸಿಗೆ. ಬ್ರಾ ಹಾಕ್ಕೋಬೇಕೋ ಬೇಡ್ವೋ ಅಂತ ಕೇಳು ಅಂದ್ಳು, ಗಂಡಸಾಗಿ ಕೇಳ್ತಾ ಇದೀನಿ ತಪ್ಪು ತಿಳ್ಕೋಬೇಡಿ. ಮನೇಲಿ ಎರಡು ಸಣ್ಣ ಮಕ್ಕಳವೆ, ಹತ್ರ ಬಿಟ್ಕೋಬಹುದಾ?

ಉತ್ತರ:

ತಪ್ಪೇನ್ರಿ ಅಣ್ಣಾ, ಎಲ್ಲಾ ಗಂಡಸ್ರು ಹಿಂಗ ಕೇಳಿದ್ರ ನಮ್ಮ ಅರ್ಧ ಕೆಲಸ ಮುಗೀತು. ಮಕ್ಕಳು ತೊಡಿ ಮ್ಯಾಲೆ ಕೂಡ್ಲಿ, ಪಕ್ಕದಾಗ ಮಲಗ್ಲಿ. ಹೊರಗಿನ ಮಷಿನ್ನಿಂದ ಕೊಡೋ ಕರೆಂಟು ಮಷಿನ್ ಬಂದ್ ಆದ ಕೂಡ್ಲೆ ಮುಗೀತು, ಮೈಯಾಗ ಏನೂ ಉಳಿಯಲ್ಲ. ಆದ್ರ ಆಟದಾಗ ಆ ಕಡಿ ಎದಿಗೆ ಗುದ್ದದಂಗ ನೋಡ್ಕೋರಿ.

ತಂತಿ ಇರೋ ಬ್ರಾ, ನೈಲಾನ್, ಲೇಸು ಬ್ಯಾಡವೇ ಬ್ಯಾಡ. ಎದಿ ದೊಡ್ಡದಿದ್ರ ಪೂರ್ತಿ ಬಿಟ್ರ ಮಡಿಕಿ ಅಂಟ್ತದ, ಆವಾಗ ಮೆತ್ತನ್ನ ಕಾಟನ್‌ದು, ಒಂದು ಸೈಜ್ ದೊಡ್ಡದು, ಹಗಲು ಹಾಕ್ಲಿ ರಾತ್ರಿ ತಗೀಲಿ. ನಮ್ಮ ಕುಪ್ಪಸದ್ದೇ ದೊಡ್ಡ ಸಮಸ್ಯೆ ನೋಡ್ರಿ, ಬಗಲಾಗ ಬಿಗಿ, ಎದಿ ಕೆಳಗ ಪಟ್ಟಿ ಸರಿಯಾಗಿ ಆ ಮಡಿಕ್ಯಾಗನ ಕೂಡ್ತದ, ಎಲ್ಲಿ ಚರ್ಮ ಸೂಕ್ಷ್ಮ ಅದನೋ ಅಲ್ಲೇ ಹೊಲಿಗಿ. ಟೇಲರ್ ಹತ್ರ ಒಯ್ದು ಹೊಲಿಗಿ ಬಿಚ್ಚಿಸಿ ಸಡ್ಲ ಮಾಡಿಸ್ರಿ, ಇಲ್ಲಾ ನಿಮ್ಮ ಹಳೇ ಕಾಟನ್ ಬನಿಯನ್ ಕೊಡ್ರಿ, ಮ್ಯಾಲೆ ಸೆರಗು ಹೊದ್ರ ಯಾರಿಗೆ ಗೊತ್ತಾಗ್ತದ. ಕೊಳ್ಳಾಗಿನ ಸರ ತಿಕ್ಕಾಡಿದ್ರ ಅದನ್ನ ದಾರಕ್ಕ ಪೋಣಿಸಿ ಗಿಡ್ಡ ಮಾಡ್ಕೋಳ್ಲಿ. ಬಗಲಾಗ ಬ್ಲೇಡು, ಕ್ರೀಮು ಸದ್ಯ ಬ್ಯಾಡ.

ಬಿಸಿಲಿಗೆ ಸೆರಗು ಕುತ್ತಿಗಿ ತನಕ ಮುಚ್ಚಿರ್ಲಿ, ಬಸ್ಸಿನ್ಯಾಗ ಬಿಸಿಲು ಬೀಳೋ ಕಡಿ ಕೂಡಬ್ಯಾಡ್ರಿ. ಟ್ರೀಟ್‌ಮೆಂಟ್ ಮುಗದ ಮ್ಯಾಲೂ ಆ ಜಾಗದ ಚರ್ಮ ಬಿಸಿಲಿಗೆ ಬಾಳ ವರ್ಷ ಸೂಕ್ಷ್ಮನ ಇರ್ತದ.

ಮಾನ್ವಿಯಿಂದ ಒಬ್ಬಾಕಿ:

ಸಿಸ್ಟರ್ ನಂದು ಪೂರ್ತಿ ತಗದಾರ, ಮಡಿಕಿ ಅನ್ನೋದೇ ಇಲ್ಲ, ಆದ್ರೂ ನಂಗ ಆ ಅಕ್ಕನ ಅವ್ವಗಿಂತ ಜಾಸ್ತಿ ಆಗ್ಯಾದ. ಮಲಗಿಸಿದ ಮ್ಯಾಲೆ ಎದಿ ಮ್ಯಾಲೆ ಮೆತ್ತನ್ನ ಹಾಳಿ ಒಂದು ಇಡ್ತಾರ, ಅದರಿಂದನ ಹಿಂಗಾಗ್ಯಾದ ಅಂತ ನನ್ನ ಅನುಮಾನ. ತೆಗೀರಿ ಅನ್ಲೇನು? ಮತ್ತ ನಮ್ಮತ್ತಿ ಬದನಿಕಾಯಿ, ತತ್ತಿ ನಂಜು ಅಂತ ಬರೇ ಗಂಜಿ ಹಾಕಾಕತ್ಯಾರ.

ಉತ್ತರ:

ನಿನ್ನ ಅನುಮಾನ ಖರೇ ಅದವ್ವ, ಆದ್ರ ತೆಗೀರಿ ಅನ್ನಬ್ಯಾಡ. ಅದಕ್ಕ ಬೋಲಸ್ ಅಂತಾರ. ಮ್ಯಾಲೆ ಅರಿಷಿಣ ಲೇಪದ ಬಗ್ಗೆ ಹೇಳಿದ್ನಲ್ಲ, ಅದೇ ಕೆಲಸ ಇಲ್ಲಿ ಬೇಕಂತಲೇ, ಅಳತಿ ಮಾಡಿ ಮಾಡ್ತಾರ. ಎದಿ ಪೂರ್ತಿ ತಗದಾಗ ರೋಗ ತಿರುಗಿ ಬಂದ್ರ ಚರ್ಮದಾಗ, ಗಾಯದ ಗೆರಿ ಹತ್ರ ಬರೋ ಸಂಭವ ಇರ್ತದ, ಅದಕ್ಕ ಕಿರಣದ ಜೋರನ್ನ ಮ್ಯಾಲಕ್ಕ ಎಳೀತಾರ. ಚರ್ಮಕ್ಕ ಜಾಸ್ತಿ ಆಗ್ತದ ಅಂತ ಅವರಿಗೂ ಗೊತ್ತದ. ಎಷ್ಟಾಗೇದ ಅಂತ ತೋರ್ಸು, ಮುಂದ ಏನ್ ಮಾಡ್ಬೇಕು ಅವರು ನೋಡ್ತಾರ.

ಅತ್ತಿಯವ್ರಿಗೆ ನನ್ನ ನಮಸ್ಕಾರ ಹೇಳಿ ತತ್ತಿ ತಿನ್ನು. ಹೊಸ ಚರ್ಮ ಗಂಜಿಯಿಂದ ಬೆಳೆಯಲ್ಲ, ಬ್ಯಾಳಿ, ತತ್ತಿ, ಮೊಸರು, ಶೇಂಗಾ ಬೇಕು. ಅತ್ತಿಯವ್ರು ಕೇಳಲಿಲ್ಲ ಅಂದ್ರ ಡಾಕ್ಟರ್ ಬಾಯಿಂದ ಹೇಳ್ಸು. ಎಲಿ ಅಡಿಕಿ ಜೋಡಿ ತಂಬಾಕು ಹಾಕೋ ರೂಢಿ ಇದ್ರ ಅದನ್ನ ಬಿಡು, ನಂಜು ಅನ್ನೋದಿದ್ರ ಅದು.

ಗಂಗಾವತಿಯಾಕಿ ಮತ್ತ (ಶನಿವಾರ):

ಸಿಸ್ಟರ್, ಮಂಗಳವಾರ ಅವ್ವನ ಜೋಡಿ ನಾನೂ ಒಳಗ ಹೋದೆ, ನೀವ್ ಹೇಳಿದ ಮಾತೇ ಹೇಳಿದೆ. ಅಲ್ಲಿ ಹೆಣ್ಮಗಳು ಎತ್ತಿ ನೋಡಿದ್ರ ಎರಡು ಬೆರಳು ಅಗಲ ಚರ್ಮ ಕಿತ್ತು ನೀರಾಡಿತ್ರಿ, ನನಗ ಕಣ್ಣಾಗ ನೀರು ಬಂತು, ಅವ್ವ "ಸುಮ್ನಿರು, ಅಷ್ಟೇನ್ ಆಗಿಲ್ಲ" ಅಂತಾಳ. ಡಾಕ್ಟರ್ ಬಂದು ನೋಡಿ ಗಾಯಕ್ಕ ಅಂಟದಂತಾ ಪಟ್ಟಿ, ಹಚ್ಚಾಕ ಮುಲಾಮು, ನೋವಿನ ಗುಳಗಿ ಬರದ್ರು, ಕರೆಂಟ್ ನಿಲ್ಸೋದು ಬ್ಯಾಡ ಅಂದ್ರು. ನಿನ್ನೆಗೆ 15 ಮುಗದುವು. ಪಟ್ಟಿ ತಗಿಯೋ ಮುಂದ ಒಣಗಿ ಹತ್ತಿಕೊಂಡಿದ್ರ ಎಳಿಬೇಕೋ ಏನ್ ಮಾಡ್ಬೇಕ್ರಿ?

ಉತ್ತರ:

ಎಳಿಬ್ಯಾಡ. ಕಾಯಿಸಿ ಆರಿಸಿದ ನೀರು ಇಲ್ಲಾ ಸಲೈನ್ ಹನಿಸಿ ನೆನೆಸು, ತಾನೇ ಬಿಡ್ತದ. ಪಟ್ಟಿ ನಿಲ್ಸಾಕ ಆ ಚರ್ಮದ ಮ್ಯಾಲೆ ಅಂಟು ಟೇಪ್ ಹಾಕಬ್ಯಾಡ, ಬನಿಯನ್ನೇ ಹಿಡ್ಕೋತದ. ಇನ್ನೆರಡು ವಾರ ದಿನಾ ಎತ್ತಿ ನೋಡ್ತಿರು. ಕರಿ ಬಣ್ಣ ಹೋಗಾಕ ತಿಂಗಳುಗಟ್ಲೆ ಬೇಕು, ಅದಕ್ಕೇನೂ ಹಚ್ಚಬ್ಯಾಡ. ಸಿಪ್ಪಿ ಎದ್ದಂಗಾದ್ರ ಅವ್ವ ಕೂತು ಸುಲಿದಾಳು, ಸುಲಿಯಾಕ ಬಿಡಬ್ಯಾಡ.

ಗಂಗಾವತಿಯಾಕಿ:

ಆಗ್ಲಿರಿ. ಬನಿಯನ್ ಅಂದ ಕೂಡ್ಲೆ ನೆನಪಾತು, ಅಪ್ಪಂದು ಕೊಟ್ಟಾಗ ಮೊದ್ಲು ಮುಖ ತಿರುವಿದ್ಲು, ಈಗ ಕುಪ್ಪಸ ಕೊಟ್ರ ಬ್ಯಾಡ ಅಂತಾಳ, ಇನ್ನೆರಡು ಬನಿಯನ್ ತರಾಕ ಅಪ್ಪನ್ನ ಪ್ಯಾಟಿಗೆ ಕಳಿಸ್ಯಾಳ.