ಒಂದು ಮನೆಯ ಸಂಯಮ ಸಾಕೇ, ಕಾನೂನೇ ಬೇಕೇ?

ಪ್ರಶ್ನೆ (ಬದಿಯಡ್ಕದಿಂದ): ನಮ್ಮ ಅಡಿಕೆ ತೋಟದಲ್ಲಿ ಕಳೆನಾಶಕವನ್ನು ಬಿಟ್ಟಿದ್ದೇವೆ, ಆದರೆ ಆಳು ಸಿಗದ ನೆರೆಯವರು ಸಿಂಪಡಿಸುತ್ತಲೇ ಇದ್ದಾರೆ. ಹೀಗಿರುವಾಗ ನಮ್ಮೊಬ್ಬರ ಸಂಯಮದಿಂದ ಪ್ರಯೋಜನವಿದೆಯೇ?

ಉತ್ತರ (ಪೆರ್ಲದಿಂದ): ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಊರನ್ನು ನೆನೆಯಿರಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯುತ್ತಿದ್ದಾಗ, ಗುಡ್ಡದ ಬುಡದಲ್ಲಿ ನೀರಿಗಾಗಿ ಅಡ್ಡ ಕೊರೆದ ಸುರಂಗದ ನೀರನ್ನೇ ನಂಬಿದ್ದ ಮನೆಗಳಿಗೆ ಎಷ್ಟು ಎಚ್ಚರದಿಂದ ಬದುಕಿದರೂ ರಕ್ಷಣೆ ಇರಲಿಲ್ಲ. 2000ದ ಬಳಿಕ ಆ ಸಿಂಪಡಣೆ ನಿಂತದ್ದೂ, 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ದೇಶದಾದ್ಯಂತ ತಡೆ ವಿಧಿಸಿದ್ದೂ ಜನಹೋರಾಟದ ಫಲ. ಆದುದರಿಂದ ಕಾನೂನೇ ಮುಖ್ಯ.

ಉತ್ತರ (ಮಂಜೇಶ್ವರದಿಂದ): ಪೂರ್ತಿ ಒಪ್ಪಲಾರೆ. ಊರಿನ ವೈದ್ಯರೂ ಕೃಷಿಕರೂ ಮೊದಲು ದನಿ ಎತ್ತದಿದ್ದರೆ ಆ ಮಾತು ನ್ಯಾಯಾಲಯವನ್ನು ತಲುಪುತ್ತಲೇ ಇರಲಿಲ್ಲ. ನೆರೆಯವರ ಕಷ್ಟ ಆಳಿನದ್ದಾದರೆ, ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಅವರೊಡನೆ ಪಾಲಿನಲ್ಲಿ ಕೊಂಡುಕೊಳ್ಳಿ.