ಅಪ್‌ಡೇಟ್: ಮುತ್ತಜ್ಜನ ಪದಕದ ಅಂಚಿನಲ್ಲಿ ಹೆಸರು ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಕಾರವಾರದ ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಕಪ್ಪಾದ ದುಂಡು ಪದಕ ಸಿಕ್ಕಿದೆ, ಒಂದು ಬದಿ ರಾಜನ ಮುಖ, ಇನ್ನೊಂದು ಬದಿ ಕುದುರೆ ಸವಾರ, ಹುಣಸೆ ಹುಳಿ ಹಾಕಿ ತಿಕ್ಕಬಹುದಾ ಅಂತ. ತಿಕ್ಕಲೇಬೇಡಿ, ಮೊದಲು ಅಂಚು ನೋಡಿ ಅಂದಿದ್ದಿರಿ. ಅಷ್ಟರಲ್ಲಿ ಅತ್ತೆ ಬೂದಿ ಹಿಡಿದು ಶುರು ಮಾಡಿಯೇ ಬಿಟ್ಟಿದ್ದರು! ರಾಜನ ಮೂಗು ಈಗಲೂ ಫಳಫಳ. ಉಳಿದದ್ದು ಬಚಾವು.

ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನ ಸುತ್ತ ಇಂಗ್ಲಿಷಿನಲ್ಲಿ ನಂಬರು, ಸಿಪಾಯಿ, ಮುತ್ತಜ್ಜನ ಹೆಸರು, ಕೊನೆಗೆ 117 ಮರಾಠಾಸ್, ಅಂದರೆ ಅವರ ಪಲ್ಟನ್ ಹೆಸರು. ಮೈ ಜುಂ ಅಂದಿತು. ‘ಬಸ್ರಾಕ್ಕೆ ಹೋಗಿದ್ರಂತೆ’ ಅನ್ನುವುದಷ್ಟೇ ನಮಗೆ ಗೊತ್ತಿತ್ತು.

ಇದು 1914-18ರ ಯುದ್ಧದ ಬ್ರಿಟಿಷ್ ವಾರ್ ಮೆಡಲ್, ಬೆಳ್ಳಿಯದು. ಆ ಪಲ್ಟನ್ ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕ್‌ನಲ್ಲಿ ಕಾದಿತ್ತು. ಕುತ್ ಊರಲ್ಲಿ ಮುತ್ತಿಗೆಗೆ ಸಿಕ್ಕಿ 1916ರ ಏಪ್ರಿಲ್ 29ರಂದು ಶರಣಾದ ಸೈನ್ಯದಲ್ಲಿ ಅದೂ ಇತ್ತು. ಮುತ್ತಜ್ಜ ಆಗ ಅಲ್ಲಿದ್ದರಾ? ಪದಕ ಅದನ್ನು ಹೇಳುವುದಿಲ್ಲ. ಅದಕ್ಕೇ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರಕ್ಕೆ ಪತ್ರ ಬರೆಯುತ್ತಿದ್ದೇನೆ.

ಪೇಟೆಯಲ್ಲಿ ಒಬ್ಬರು ಬೆಳ್ಳಿಯ ತೂಕಕ್ಕೆ ಕೇಳಿದರು. ತೂಕವೇನು ಜಾಸ್ತಿ ಇಲ್ಲ, ಸುಮಾರು 30 ಗ್ರಾಂ. ಕೊಡಲಿಲ್ಲ. ಸುಮ್ನೆ ಕರಗಿಸಿ ಕಾಲುಂಗುರ ಮಾಡುತ್ತಿದ್ದರು, ಅಲ್ವಾ? ಈಗ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟಿದ್ದೇನೆ. ಅತ್ತೆಯ ಕೈಗೆ ಎಟುಕದ ಕಪಾಟಿನಲ್ಲಿ.